ಆಪಾದಿತನಿಗೊಂದು ಕಾಗದ

ಮೂವತ್ತು ವರ್ಷಗಳಿಗೂ ಮೀರಿ ಕನ್ನಡ ಪಾಠ ಹೇಳಿದವನಿಗೆ ಬೆಳಗಿನ ಪತ್ರಿಕೆಯನ್ನು ಓದುವಾಗಲೂ ಕೈಯಲ್ಲಿ ಕೆಂಪು ಶಾಯಿಯ ಪೆನ್ನು ಇರುವಂತೆಯೇ ಭಾಸವಾಗುತ್ತದೆ. ಈಚಿನ ದಿನಗಳಲ್ಲಿ ನಾನು ಅತಿ ಹೆಚ್ಚು ಗೆರೆ ಎಳೆಯುವುದು ಅಪರಾಧ ಸುದ್ದಿಗಳ ಮೇಲೆ. ತಲೆಬರಹದಲ್ಲಿ 'ಕೊಲೆಗಾರನ ಬಂಧನ' ಎಂದಿರುತ್ತದೆ. ಎರಡನೆಯ ಸಾಲಿನಲ್ಲಿ ಅವನೇ 'ಆರೋಪಿ' ಆಗುತ್ತಾನೆ. ರಾತ್ರಿ ದೂರದರ್ಶನದ ಪರದೆಯ ಮೇಲೆ 'ನರರಾಕ್ಷಸ'ನಾಗಿರುತ್ತಾನೆ. ಒಂದೇ ದಿನದಲ್ಲಿ ಮೂರು ಪದ, ಒಬ್ಬನೇ ಮನುಷ್ಯ, ವಿಚಾರಣೆ ಮಾತ್ರ ಇನ್ನೂ ಆರಂಭವೇ ಆಗಿಲ್ಲ! ನಮ್ಮ ಕಾಲದಲ್ಲಿ 'ಆಪಾದಿತ' ಎಂಬ ಪದ ಬಳಕೆಯಲ್ಲಿತ್ತು. ವ್ಯಾಕರಣದ ದೃಷ್ಟಿಯಿಂದಲೂ ಅದೇ ಮೇಲು. 'ಆರೋಪಿ' ಎಂದರೆ ಆರೋಪವುಳ್ಳವನು. ಆರೋಪ ಹೊರಿಸಿದವನೋ ಹೊತ್ತವನೋ ಎಂಬುದನ್ನು ಆ ಪದ ಹೇಳುವುದಿಲ್ಲ. 'ಆಪಾದಿತ'ದಲ್ಲಾದರೋ ಯಾರೋ ಇನ್ನೊಬ್ಬರು ಇವನ ಮೇಲೆ ಒಂದು ಮಾತನ್ನು ಹೊರಿಸಿದ್ದಾರೆ, ಅದನ್ನು ಅವರು ಇನ್ನೂ ತೋರಿಸಿಕೊಡಬೇಕಾಗಿದೆ ಎಂಬ ಅರ್ಥ ಪ್ರತ್ಯಯದಲ್ಲಿಯೇ ಕುಳಿತಿದೆ. ಆದುದರಿಂದ ಈ ಬರಹದಲ್ಲಿ ನಾನು ಆಪಾದಿತ ಎಂದೇ ಬರೆಯುತ್ತೇನೆ.

ವಿಷಯಕ್ಕೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರೂ, ನನ್ನ ಸೋದರಳಿಯಂದಿರಲ್ಲಿ ಇಬ್ಬರೂ, ಒಂದು ಮಾತನ್ನು ಮತ್ತೆ ಮತ್ತೆ ಆಡುವುದನ್ನು ಕೇಳಿದ್ದೇನೆ. "ಮೇಷ್ಟ್ರೇ, ಪೊಲೀಸರು ಕಷ್ಟಪಟ್ಟು ಹಿಡಿಯುತ್ತಾರೆ, ಒಂದು ಕಾಗದ ಕೊಡಲಿಲ್ಲವೆಂದು ಮೇಲಿನ ಕೋರ್ಟಿನವರು ಬಿಟ್ಟುಬಿಡುತ್ತಾರೆ. ಇದೆಂಥ ನ್ಯಾಯ?" ಎಂಬುದೇ ಆ ಮಾತು. ಇದಕ್ಕೆ 'ತಾಂತ್ರಿಕ ಕಾರಣ' ಎಂಬ ಹೆಸರನ್ನೂ ಇಟ್ಟಿದ್ದಾರೆ. ಈ ಮಾತು ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ಅದು ಬರಿಯ ತಪ್ಪಲ್ಲ, ನಮ್ಮಂಥ ಸಾಮಾನ್ಯರು ನಮ್ಮ ಮನೆಯ ಬಾಗಿಲಿನ ಅಗುಳಿಯನ್ನು ನಾವೇ ಕಿತ್ತು ಬಿಸಾಡುವಂಥ ತಪ್ಪು. ನಾನು ಕಾನೂನು ಓದಿದವನಲ್ಲ; ಆದರೆ ತೀರ್ಪುಗಳನ್ನು ಓದಲು ಬಿಡುವಿದೆ, ಕನ್ನಡಕವೂ ಇದೆ.

ಆ 'ಒಂದು ಕಾಗದ' ಯಾವುದು? ನಮ್ಮ ಸಂವಿಧಾನದ 22ನೆಯ ವಿಧಿಯ ಮೊದಲ ಖಂಡ, ಯಾರನ್ನಾದರೂ ಬಂಧಿಸಿದರೆ ಬಂಧನದ ಆಧಾರಗಳನ್ನು ಆದಷ್ಟು ಬೇಗ ಅವನಿಗೆ ತಿಳಿಸಬೇಕು, ಅವನು ತನ್ನ ಆಯ್ಕೆಯ ವಕೀಲನೊಡನೆ ಸಮಾಲೋಚಿಸಲು ಬಿಡಬೇಕು ಎನ್ನುತ್ತದೆ. ಎರಡನೆಯ ಖಂಡ, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆನ್ನುತ್ತದೆ. ಇವು 1950ರ ಜನವರಿ 26ರಿಂದ ಜಾರಿಯಲ್ಲಿವೆ. ಇವನ್ನು ಬರೆದವರಲ್ಲಿ ಬಹುಮಂದಿ ಬ್ರಿಟಿಷರ ಸೆರೆಮನೆಗಳನ್ನು ಒಳಗಿನಿಂದ ಕಂಡವರು. ಕಾರಣ ಹೇಳದೆ ಎಳೆದೊಯ್ಯುವುದೆಂದರೆ ಏನೆಂಬುದನ್ನು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

'ತಿಳಿಸಬೇಕು' ಎಂಬ ಒಂದು ಕ್ರಿಯಾಪದದ ಮೇಲೆ ಎಷ್ಟು ವರ್ಷ ಜಗ್ಗಾಟ ನಡೆಯಿತೆಂದು ನೋಡಿ. ಬಾಯಲ್ಲಿ ಹೇಳಿದರೆ ಸಾಕೇ? ಓದಿ ಹೇಳಿದರೆ? ರಿಮಾಂಡ್ ಅರ್ಜಿಯಲ್ಲಿ ಬರೆದಿದ್ದರೆ ಸಾಲದೇ? 2023ರ ಅಕ್ಟೋಬರ್ 3ರಂದು ಪಂಕಜ್ ಬನ್ಸಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಣದ ಅಕ್ರಮ ವರ್ಗಾವಣೆ ಕಾನೂನಿನಡಿ ಬಂಧಿಸುವಾಗ ಆಧಾರಗಳನ್ನು ಬರಹದಲ್ಲಿಯೇ ಕೊಡಬೇಕೆಂದು ಹೇಳಿತು. ಆ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣನವರಿದ್ದರು. ಒಂದೇ ಇಲಾಖೆಯ ಅಧಿಕಾರಿಗಳು ಒಂದು ಊರಿನಲ್ಲಿ ಬರೆದುಕೊಟ್ಟು, ಇನ್ನೊಂದು ಊರಿನಲ್ಲಿ ಓದಿ ಮುಗಿಸಿ ಕೈತೊಳೆದುಕೊಳ್ಳುವ ಪದ್ಧತಿಯನ್ನು ಆ ತೀರ್ಪು ಎತ್ತಿ ತೋರಿಸಿತು. 2024ರ ಮೇ 15ರಂದು ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಇದೇ ನಿಯಮ ಯುಎಪಿಎ ಬಂಧನಗಳಿಗೂ ವಿಸ್ತರಿಸಿತು. 2025ರ ಫೆಬ್ರುವರಿ 7ರಂದು ವಿಹಾನ್ ಕುಮಾರ್ ಪ್ರಕರಣದಲ್ಲಿ, ಆಧಾರ ತಿಳಿಸದ ಬಂಧನ ಬಂಧನವೇ ಅಲ್ಲ, ದೋಷಾರೋಪಣೆ ಪಟ್ಟಿ ಸಲ್ಲಿಸಿದ ಮಾತ್ರಕ್ಕೆ ಆ ದೋಷ ತೊಳೆದುಹೋಗುವುದಿಲ್ಲ ಎಂದಾಯಿತು. ಹರಿಯಾಣದ ಆ ಮನುಷ್ಯನನ್ನು ರೋಹ್ಟಕ್‌ನ ಆಸ್ಪತ್ರೆಯ ಮಂಚಕ್ಕೆ ಬೇಡಿ ಹಾಕಿ ಸರಪಳಿಯಿಂದ ಬಿಗಿದಿದ್ದರು. ಹಾಸಿಗೆ ಹಿಡಿದವನು ಎಲ್ಲಿಗೆ ಓಡುತ್ತಾನೆ?

ಆ ಬೇಡಿಯ ವಿಷಯವೂ ಹೊಸದಲ್ಲ. 1980ರಲ್ಲಿಯೇ ಪ್ರೇಮ್ ಶಂಕರ್ ಶುಕ್ಲಾ ಎಂಬ ತಿಹಾರ್ ಜೈಲಿನ ವಿಚಾರಣಾಧೀನ ಕೈದಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೆ ಒಂದು ತಂತಿ ಕಳುಹಿಸಿದ. ಆ ತಂತಿಯೇ ಅರ್ಜಿಯಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬೇಡಿ ಹಾಕುವುದು ನಿಯಮವಾಗಕೂಡದು, ಬೇರೆ ದಾರಿಯೇ ಇಲ್ಲದಾಗ ಕಾರಣ ಬರೆದಿಟ್ಟು ಹಾಕಬೇಕಾದ ಅಪವಾದ ಮಾತ್ರ ಎಂದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕೆಲವು ಬಗೆಯ ಅಪರಾಧಗಳಿಗೆ ಬೇಡಿ ಹಾಕಲು ಪೊಲೀಸರಿಗೆ ಅವಕಾಶವನ್ನು ಬರೆದೇ ಕೊಟ್ಟಿದ್ದಾರೆ. ಮುಂದಕ್ಕೆ ಹೋದೆವೋ ಹಿಂದಕ್ಕೆ ಬಂದೆವೋ, ನೀವೇ ಯೋಚಿಸಿ.

ಈಗ ನಿಮ್ಮೆಲ್ಲರ ಮನಸ್ಸಿನಲ್ಲಿರುವ ಪ್ರಕರಣಕ್ಕೆ ಬರೋಣ. ನಟ ದರ್ಶನ್ ಆಪಾದಿತರಾಗಿರುವ, ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಮ್ಮ ಉಚ್ಚ ನ್ಯಾಯಾಲಯವು 2024ರ ಡಿಸೆಂಬರ್ 13ರಂದು ಜಾಮೀನು ಕೊಟ್ಟಿತು. ಬಂಧನದ ಆಧಾರಗಳನ್ನು ಬರಹದಲ್ಲಿ ಸಕಾಲಕ್ಕೆ ಕೊಟ್ಟಿರಲಿಲ್ಲವೆಂಬುದು ಅದರ ಕಾರಣಗಳಲ್ಲೊಂದು. 2025ರ ಆಗಸ್ಟ್ 14ರಂದು ಸರ್ವೋಚ್ಚ ನ್ಯಾಯಾಲಯ ಆ ಜಾಮೀನನ್ನು ರದ್ದುಮಾಡಿತು. ಬರಹದಲ್ಲಿ ಕೊಡದ ಮಾತ್ರಕ್ಕೆ ಬಂಧನ ಅಕ್ರಮವಾಗದು, ಅದರಿಂದ ಆಪಾದಿತನಿಗೆ ಹಾನಿಯಾಯಿತೆಂದು ತೋರಿಸಬೇಕು ಎಂದಿತು. ಅಂದು ನಮ್ಮ ಬಳಗದಲ್ಲಿ ಪಟಾಕಿ ಹಚ್ಚುವುದೊಂದು ಬಾಕಿ. ಜಾಮೀನು ರದ್ದಾದುದರ ಬಗ್ಗೆ ನನಗೇನೂ ತಕರಾರಿಲ್ಲ. ಪ್ರಕರಣದ ಗಾಂಭೀರ್ಯ, ಸಾಕ್ಷಿಗಳ ರಕ್ಷಣೆ, ಸೆರೆಮನೆಯೊಳಗೂ ಪ್ರಸಿದ್ಧರಿಗೆ ದೊರೆಯುವ ರಾಜೋಪಚಾರ, ಇವೆಲ್ಲ ಅಲ್ಲಿ ಚರ್ಚೆಗೆ ಬಂದಿವೆ, ಬರಬೇಕಾದುದೇ. ಸತ್ತ ಹುಡುಗನ ಮನೆಯವರ ಮುಖವನ್ನು ನೆನೆದರೆ ಯಾರ ಕರುಳೂ ಚುರ್ ಎನ್ನುತ್ತದೆ. ಕೊಲೆಯ ಸತ್ಯಾಸತ್ಯವನ್ನು ಹೇಳಬೇಕಾದದ್ದು ವಿಚಾರಣಾ ನ್ಯಾಯಾಲಯ. ನಾನೂ ಅಲ್ಲ, ನೀವೂ ಅಲ್ಲ.

ನನ್ನ ತಕರಾರಿರುವುದು 'ಹಾನಿಯನ್ನು ನೀನೇ ತೋರಿಸು' ಎಂಬ ಮಾತಿನ ಬಗ್ಗೆ. ಸಿನಿಮಾ ನಟನಿಗೆ ಅದನ್ನು ವಾದಿಸಲು ದೊಡ್ಡ ವಕೀಲರು ಸಿಗುತ್ತಾರೆ. ತನ್ನನ್ನು ಏಕೆ ಹಿಡಿದರೆಂಬುದೇ ತಿಳಿಯದವನು, ತಿಳಿಯದೆ ಹೋದುದರಿಂದ ತನಗೆ ಏನು ಹಾನಿಯಾಯಿತೆಂಬುದನ್ನು ಹೇಗೆ ಹೇಳಬಲ್ಲ? ಪ್ರಶ್ನೆಪತ್ರಿಕೆಯನ್ನೇ ಕೊಡದೆ ಉತ್ತರ ತಪ್ಪಾಯಿತೆಂದು ಅಂಕ ಕಳೆಯುವ ಮೇಷ್ಟ್ರನ್ನು ನೀವು ಒಪ್ಪುತ್ತಿದ್ದಿರೇ? ಮೂರು ತಿಂಗಳೊಳಗೆ, 2025ರ ನವೆಂಬರ್ 6ರಂದು, ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ (ಮುಖ್ಯ ನ್ಯಾಯಮೂರ್ತಿ ಗವಾಯಿ, ನ್ಯಾಯಮೂರ್ತಿ ಮಸೀಹ್) ನೇರವಾಗಿ ಹೇಳಿತು: ಯಾವ ಕಾನೂನಿನಡಿಯ ಯಾವ ಅಪರಾಧವೇ ಆಗಲಿ, ಬಂಧನದ ಆಧಾರಗಳನ್ನು ಬರಹದಲ್ಲಿ ಕೊಡಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೂಡಲೇ ಬರೆದುಕೊಡಲು ಸಾಧ್ಯವೇ ಇಲ್ಲದ ಸಂದರ್ಭವಾದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕಾಗದ ಅವನ ಕೈ ಸೇರಬೇಕು. ಸಂವಿಧಾನದ ಒಂದು ಕ್ರಿಯಾಪದ ಕಾಗದದ ಮೇಲೆ ಇಳಿಯಲು 75 ವರ್ಷ ಹಿಡಿಯಿತು.

ಈ ತೀರ್ಪು ಬಂದದ್ದು ಮುಂಬಯಿಯ ವರ್ಲಿಯಲ್ಲಿ 2024ರ ಜುಲೈನಲ್ಲಿ ದುಬಾರಿ ಕಾರೊಂದು ಬಡಿದು ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡ ಪ್ರಕರಣದಲ್ಲಿ. ಪಂಕಜ್ ಬನ್ಸಲ್ ಪ್ರಕರಣ ಬಂದದ್ದು ದೊಡ್ಡ ಕಟ್ಟಡ ಕಂಪನಿಯವರಿಂದ. "ನೋಡಿದಿರಾ, ಎಲ್ಲ ಹಣವಂತರಿಗಾಗಿಯೇ" ಎಂದು ನನ್ನ ಅಳಿಯ ಕೂಡಲೇ ಹಿಡಿದ. ಅವನ ಮಾತಿನಲ್ಲಿ ಹುರುಳಿದೆ, ಅಲ್ಲಗಳೆಯಲಾರೆ. ಆದರೆ ದಿಲ್ಲಿಯವರೆಗೆ ಹೋಗುವ ಶಕ್ತಿ ಇರುವವನಿಂದಲೇ ಪ್ರಶ್ನೆ ದಿಲ್ಲಿ ತಲುಪುತ್ತದೆ. ಧನಿಕನ ಖರ್ಚಿನಲ್ಲಿ ತೋಡಿದ ಬಾವಿಯೆಂದು ನೀರು ಸೇದದೆ ಬಿಡುವುದೇ? ಅಲ್ಲದೆ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ಕಾಗದ ಕೊಡದ ಕಾರಣಕ್ಕೆ ಬಂಧನ ಅಕ್ರಮವಾದರೆ ಪ್ರಕರಣ ಮುಗಿದುಹೋಗುವುದಿಲ್ಲ. ತನಿಖೆ ನಡೆಯುತ್ತದೆ, ವಿಚಾರಣೆ ನಡೆಯುತ್ತದೆ, ಆಧಾರಗಳನ್ನು ಬರೆದುಕೊಟ್ಟು ಮತ್ತೆ ವಶಕ್ಕೆ ಕೇಳಲೂ ಪೊಲೀಸರಿಗೆ ದಾರಿಯಿದೆ. ಕೊಲೆಗಾರನನ್ನು ಬಿಟ್ಟುಬಿಟ್ಟರು ಎಂಬುದು ಬರಿಯ ಗುಲ್ಲು.

ನಾನು ಈ ಕಾಗದದ ಬಗ್ಗೆ ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. 1983ರಲ್ಲಿ ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದವನು ಪುಸ್ತಕ ತಂದಿರಲಿಲ್ಲ, ತಾಯಿಯನ್ನು ಕರೆತಂದಿದ್ದ. ಅವನ ತಂದೆ ಅಡಿಕೆ ಮಂಡಿಯಲ್ಲಿ ಹಮಾಲಿ. ಮಂಡಿಯಲ್ಲಿ ಮೂಟೆಗಳು ಕಡಿಮೆ ಬಂದವೆಂದು ದೂರಾಗಿ, ರಾತ್ರಿ ಊಟಕ್ಕೆ ಕುಳಿತಿದ್ದವನನ್ನು ಎಬ್ಬಿಸಿಕೊಂಡು ಹೋಗಿದ್ದರು. ಠಾಣೆಗೆ ಹೋಗಿ ಕೇಳಿದರೆ ಇಲ್ಲಿಲ್ಲ ಎಂದರಂತೆ. ಕೊನೆಗೆ ಕೋರ್ಟಿನ ಗುಮಾಸ್ತರೊಬ್ಬರ ಕೈಕಾಲು ಹಿಡಿದು ಆಕೆ ಒಂದು ಹಾಳೆಯ ನಕಲನ್ನು ತಂದಿದ್ದಳು. ಅದು ಇಂಗ್ಲಿಷಿನಲ್ಲಿತ್ತು. ಊರಿನಲ್ಲಿ ಇಂಗ್ಲಿಷ್ ಬಲ್ಲ ಪರಿಚಯದವನೆಂದರೆ ಮಗನ ಕನ್ನಡ ಮೇಷ್ಟ್ರು!

ನಾನು ಓದಿದೆ. ಎರಡು ಕಲಮುಗಳ ಸಂಖ್ಯೆ, ಒಂದು ಮೊಹರು, ಒಂದು ದಿನಾಂಕ. ಅವನು ಏನು ಮಾಡಿದನೆಂದು ಇವರು ಹೇಳುತ್ತಾರೆಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ದಸ್ತಗಿರಿಯ ದಿನಾಂಕ ಮಾತ್ರ, ಆಕೆ ಹೇಳಿದ ರಾತ್ರಿಗಿಂತ ಮೂರು ದಿನ ಈಚಿನದಾಗಿತ್ತು. ಆ ಮೂರು ದಿನ ಅವನು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ, ಸರ್ಕಾರದ ಲೆಕ್ಕದಲ್ಲಿ. "ಏನು ಬರೆದಾರೆ ಮೇಷ್ಟ್ರೇ?" ಎಂದು ಆಕೆ ಕೇಳಿದಳು. ಏನೂ ಬರೆದಿಲ್ಲ ಎಂಬುದೇ ನಿಜವಾದ ಉತ್ತರವಾಗಿತ್ತು. ಐದು ತಿಂಗಳ ಬಳಿಕ ಅವನು ಹೊರಬಂದ. ಮೂಟೆಗಳ ಲೆಕ್ಕ ಮಂಡಿಯ ಪುಸ್ತಕದಲ್ಲಿಯೇ ತಪ್ಪಿತ್ತೆಂದು ತಿಳಿದುಬಂದಿತ್ತು. ಅಷ್ಟರಲ್ಲಿ ಅವನ ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಹಮಾಲಿಗೆ ಕೈ ಹೋದರೆ ಉಳಿದದ್ದೇನು? ಹುಡುಗ ಶಾಲೆ ಬಿಟ್ಟು ಹೋಟೆಲಿಗೆ ಸೇರಿದ. ಛಂದಸ್ಸಿನಲ್ಲಿ ಗಣವಿಭಾಗವನ್ನು ತಪ್ಪಿಲ್ಲದೆ ಮಾಡುತ್ತಿದ್ದ ಹುಡುಗ.

ಇಂಥ ಮೂರು ದಿನಗಳು ಮಾಯವಾಗಬಾರದೆಂದೇ 1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದ ತೀರ್ಪು ಬಂದದ್ದು. ಕಲ್ಕತ್ತದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರು ಲಾಕಪ್ ಸಾವುಗಳ ಬಗ್ಗೆ 1986ರಲ್ಲಿ ಬರೆದ ಪತ್ರ ಅದರ ಮೂಲ. ಬಂಧಿಸುವವರು ಹೆಸರಿನ ಪಟ್ಟಿ ಧರಿಸಿರಬೇಕು. ಸ್ಥಳದಲ್ಲಿಯೇ ಸಮಯ, ದಿನಾಂಕ ನಮೂದಿಸಿ ಮೆಮೊ ಬರೆಯಬೇಕು. ಮನೆಯವರೋ ಊರಿನ ಗೌರವಸ್ಥರೋ ಅದಕ್ಕೆ ಸಾಕ್ಷಿ ಹಾಕಬೇಕು. ಬಂಧಿತನೂ ಸಹಿ ಮಾಡಬೇಕು. ಒಬ್ಬ ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು. 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ಒಟ್ಟು ಹನ್ನೊಂದು ಕಟ್ಟಳೆಗಳು. ಇವುಗಳಲ್ಲಿ ಯಾವುದು 'ತಾಂತ್ರಿಕ'? ಅಡಿಕೆ ಮಂಡಿಯ ಹಮಾಲಿಗೆ ಇವುಗಳಲ್ಲಿ ಎರಡು ದೊರೆತಿದ್ದರೂ ಅವನ ಕೈ ಉಳಿಯುತ್ತಿತ್ತು.

ಪೊಲೀಸರ ಕೈ ಕಟ್ಟಿದರೆ ಸತ್ಯ ಹೊರಬರುವುದು ಹೇಗೆ ಎನ್ನುವವರಿಗೆ ನಮ್ಮ ಬೆಂಗಳೂರಿನದೇ ಉದಾಹರಣೆ ಕೊಡುತ್ತೇನೆ. ಎರಡು ಸಾವಿರದ ಆಚೀಚಿನ ದಶಕದಲ್ಲಿ ಮಂಪರು ಪರೀಕ್ಷೆಗೆ ಇಡೀ ದೇಶದಿಂದ ಆಪಾದಿತರನ್ನು ಬೆಂಗಳೂರಿಗೆ ಕರೆತರುತ್ತಿದ್ದುದು ನಿಮಗೆ ನೆನಪಿರಬಹುದು. ಛಾಪಾ ಕಾಗದದ ಹಗರಣದ ತೆಲಗಿಯ ತೊದಲುಮಾತುಗಳನ್ನು ದೂರದರ್ಶನ ವಾಹಿನಿಗಳು ಹಬ್ಬದ ಕಾರ್ಯಕ್ರಮದಂತೆ ತೋರಿಸಿದವು. ನರಕ್ಕೆ ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಬಾಯಿ ಬಿಡಿಸುವುದನ್ನು ವಿಜ್ಞಾನವೆಂದು ನಂಬಿದವರಲ್ಲಿ ವಿಜ್ಞಾನದ ಮೇಷ್ಟ್ರುಗಳೂ ಇದ್ದರು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನಮ್ಮ ಉಚ್ಚ ನ್ಯಾಯಾಲಯದಿಂದಲೇ ಬಂದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠವು ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ತರಂಗ ಪರೀಕ್ಷೆಗಳನ್ನು ಮಾಡುವಂತಿಲ್ಲವೆಂದಿತು. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಬಾರದೆಂಬ 20(3)ನೆಯ ವಿಧಿ ಅದರ ಆಧಾರ. ಆ ತೀರ್ಪು ಇನ್ನೊಂದನ್ನೂ ಕಾಣಿಸಿತು: ಮಂಪರಿನಲ್ಲಿರುವವನು ಕೇಳುವವನ ಇಂಗಿತಕ್ಕೆ ಸುಲಭವಾಗಿ ಒಲಿಯುತ್ತಾನೆ, ಕಲ್ಪನೆಯನ್ನೂ ನಿಜವನ್ನೂ ಬೆರೆಸುತ್ತಾನೆ, ಆದುದರಿಂದ ಆ ಮಾತಿಗೆ ಭರವಸೆಯೇ ಇಲ್ಲ. ಅಷ್ಟಾದರೂ ಬಿಹಾರದ ಪ್ರಕರಣವೊಂದರಲ್ಲಿ ಉಚ್ಚ ನ್ಯಾಯಾಲಯ ಜಾಮೀನಿನ ಹಂತದಲ್ಲಿ ಇಂಥ ಪರೀಕ್ಷೆಯ ಪ್ರಸ್ತಾಪಕ್ಕೆ ಒಪ್ಪಿ, 2025ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸೆಲ್ವಿ ತೀರ್ಪನ್ನು ಮತ್ತೆ ನೆನಪಿಸಿ ಅದನ್ನು ತಳ್ಳಿಹಾಕಬೇಕಾಯಿತು.

ವಿಚಾರಣೆಯೇ ಬೇಡ, ನೇರವಾಗಿ ನೇಣು ಹಾಕಿ ಎನ್ನುವವರಿಗೆ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಕಥೆ ಹೇಳುತ್ತೇನೆ. 2003ರ ಜೂನ್‌ನಲ್ಲಿ ಅಲ್ಲಿ ಒಂದು ಮನೆಗೆ ನುಗ್ಗಿ ಐವರನ್ನು ಕೊಂದರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಅಲೆಮಾರಿ ಸಮುದಾಯದ ಆರು ಮಂದಿಯನ್ನು ಹಿಡಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆರೂ ಮಂದಿಗೆ ಗಲ್ಲು ಎಂದಿತು. ಅಲ್ಲಿಗೆ ಮುಗಿಯಬೇಕಿತ್ತು. ಪ್ರಕರಣ ಮರಳಿ ಪರಿಶೀಲನೆಗೆ ಬಂದಾಗ, ಬದುಕುಳಿದ ಸಾಕ್ಷಿಯೊಬ್ಬರು ಘಟನೆಯಾದ ಎರಡೇ ದಿನದಲ್ಲಿ ಪೊಲೀಸರ ಬಳಿಯ ಭಾವಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದರು, ಆ ಸಂಗತಿಯನ್ನು ಮುಚ್ಚಿಡಲಾಗಿತ್ತು ಎಂಬುದು ಹೊರಬಂತು. 2019ರ ಮಾರ್ಚ್ 5ರಂದು ಆರೂ ಮಂದಿ ಬಿಡುಗಡೆಯಾದರು. ಒಬ್ಬ ಘಟನೆಯ ಕಾಲದಲ್ಲಿ ಬಾಲಕನಾಗಿದ್ದ. ಹದಿನಾರು ವರ್ಷಕ್ಕೆ ಬದಲಾಗಿ ತಲೆಗೆ ಐದು ಲಕ್ಷ ರೂಪಾಯಿ ಪರಿಹಾರ. ನಿಜವಾದ ಪಾತಕಿಗಳಿಗೆ ಏನಾಯಿತು? 'ಪೊಲೀಸರು ಹಿಡಿದವನೇ ಕೊಲೆಗಾರ' ಎಂದು ಚಪ್ಪಾಳೆ ತಟ್ಟಿದವರು ಆ ನಾಲ್ವರಿಗೆ ಮಾಡಿದ ಉಪಕಾರವನ್ನು ಯಾವ ವಕೀಲನೂ ಮಾಡಲಾರ.

2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದಿನ ಬಳಿ ಪಶುವೈದ್ಯೆಯ ಹತ್ಯೆಯ ನಾಲ್ವರು ಆಪಾದಿತರು ಪೊಲೀಸರ ಗುಂಡಿಗೆ ಬಲಿಯಾದಾಗ ಪೊಲೀಸರ ಮೇಲೆ ಹೂವಿನ ಪಕಳೆ ಎರಚಿದರು. ನಮ್ಮ ನೆಂಟರಲ್ಲಿ ಸಿಹಿ ಹಂಚಿದವರಿದ್ದಾರೆ. ಅವರ ಹೆಸರು ಬರೆಯುವುದಿಲ್ಲ, ಹಬ್ಬಕ್ಕೆ ಮನೆಗೆ ಬರುವವರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಂತು: ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ, ಸತ್ತವರಲ್ಲಿ ಮೂವರು ಅಪ್ರಾಪ್ತರು. ಆ ಹೆಣ್ಣುಮಗಳಿಗೆ ಏನಾಯಿತು, ಯಾರು ಮಾಡಿದರು ಎಂಬುದನ್ನು ಇನ್ನೆಂದಿಗೂ ಯಾವ ನ್ಯಾಯಾಲಯವೂ ಹೇಳಲಾರದು. ಸಿಹಿ ಹಂಚಿದವರು ಆ ವರದಿಯನ್ನು ಬಳಗಕ್ಕೆ ಹಾಕಿದ್ದನ್ನು ನಾನು ಕಾಣೆ.

ವಕೀಲರೇ ದಾರಿ ತಪ್ಪಿದ್ದುಂಟು. ಕೊಯಮತ್ತೂರಿನಲ್ಲಿ ವಕೀಲರ ಸಂಘ ಕೆಲವರ ಪರ ವಕಾಲತ್ತು ಹಾಕಬಾರದೆಂದು ನಿರ್ಣಯಿಸಿದಾಗ, 2010ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ನಿರ್ಣಯಗಳೆಲ್ಲ ಶೂನ್ಯ ಎಂದಿತು. ಹತ್ತು ವರ್ಷ ಕಳೆಯುವುದರೊಳಗೆ, 2020ರ ಫೆಬ್ರುವರಿಯಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿಯೇ ಕಾಶ್ಮೀರದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ನಡೆಯಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಲು ಉಚ್ಚ ನ್ಯಾಯಾಲಯ ಮುಂದಾಗಬೇಕಾಯಿತು. ಆಗ ಅಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರೇ ಮುಂದೆ ವಿಹಾನ್ ಕುಮಾರ್ ತೀರ್ಪನ್ನು ಕೊಟ್ಟ ಪೀಠದ ಹಿರಿಯರು.

2022ರ ಕೊನೆಯ ಲೆಕ್ಕದಂತೆ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ನೀವು 'ಅಪರಾಧಿಗಳು' ಎಂದು ಒಟ್ಟಾಗಿ ಬಯ್ಯುವವರಲ್ಲಿ ಮುಕ್ಕಾಲು ಪಾಲು ಜನರನ್ನು ಯಾವ ನ್ಯಾಯಾಧೀಶರೂ ಇನ್ನೂ ಹಾಗೆ ಕರೆದಿಲ್ಲ. ಅವರಲ್ಲಿ ಎಷ್ಟು ಮಂದಿಗೆ ನಟನಿಗಿದ್ದಂಥ ವಕೀಲರಿದ್ದಾರೆ, ಎಷ್ಟು ಮಂದಿ ಹಮಾಲಿಗಳಿದ್ದಾರೆ, ನೀವೇ ಊಹಿಸಿ.

ಕೊನೆಗೆ ಭಾಷೆಯ ಮಾತು, ಅದು ನನ್ನ ಕಸುಬು. ಅರ್ಥವಾಗುವ ಭಾಷೆಯಲ್ಲಿ ಎಂಬ ಮಾತು 2025ರಲ್ಲಿ ಹುಟ್ಟಿದ್ದಲ್ಲ. 1962ರಷ್ಟು ಹಿಂದೆಯೇ ಹರಿಕಿಶನ್ ಎಂಬುವರ ಪ್ರಕರಣದಲ್ಲಿ, ಇಂಗ್ಲಿಷ್ ಬಾರದವರಿಗೆ ಮುಂಜಾಗ್ರತಾ ಬಂಧನದ ಆಧಾರಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ಪೊಲೀಸ್ ಅಧಿಕಾರಿ ಬಾಯಲ್ಲಿ ಅನುವಾದಿಸಿ ಹೇಳಿದರೆ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ನಮ್ಮ ಹಮಾಲಿಯ ಹೆಂಡತಿ ಆ ಹಾಳೆಯನ್ನು ಹಿಡಿದುಕೊಂಡು ಬಂದದ್ದು ಅದಾಗಿ 21 ವರ್ಷಗಳ ಮೇಲೆ. ಕನ್ನಡ ಬಾವುಟ ಹಿಡಿದು ಫಲಕಗಳಿಗೆ ಮಸಿ ಬಳಿಯುವ ನಮ್ಮ ಉತ್ಸಾಹಿಗಳು ಒಂದು ದಿನವಾದರೂ ಠಾಣೆಯ ಬಾಗಿಲಿಗೆ ಹೋಗಿ, 'ಬಂಧನದ ಆಧಾರಗಳ ಪತ್ರ ಕನ್ನಡದಲ್ಲಿದೆಯೇ, ಒಡಿಶಾದಿಂದ ಗಾರೆ ಕೆಲಸಕ್ಕೆ ಬಂದವನಿಗೆ ಒಡಿಯಾದಲ್ಲಿದೆಯೇ' ಎಂದು ಕೇಳಿದ್ದರೆ ಅವರ ಕನ್ನಡಾಭಿಮಾನಕ್ಕೆ ನಾನು ತಲೆಬಾಗುತ್ತಿದ್ದೆ.

ನನ್ನ ವಿದ್ಯಾರ್ಥಿಗಳಲ್ಲಿ ಮೂವರು ಪೊಲೀಸ್ ಇಲಾಖೆಯಲ್ಲಿದ್ದೀರಿ. ಒಬ್ಬ ಈಗ ಸರ್ಕಲ್ ಇನ್ಸ್‌ಪೆಕ್ಟರ್. ನವೆಂಬರಿನ ತೀರ್ಪು ಬಂದ ಮೇಲೆ ನಿಮ್ಮ ಠಾಣೆಯಲ್ಲಿ ಬಂಧಿತನಿಗೆ ಕೊಡುವ ಪತ್ರದ ನಮೂನೆ ಬದಲಾಗಿದೆಯೇ, ಅದು ಯಾವ ಭಾಷೆಯಲ್ಲಿದೆ, 'ಆಧಾರಗಳು' ಎಂಬ ಅಂಕಣದಲ್ಲಿ ಕಲಮಿನ ಸಂಖ್ಯೆಯನ್ನಷ್ಟೇ ಬರೆಯುತ್ತೀರೋ, ಅಥವಾ ಅವನು ಏನು ಮಾಡಿದನೆಂಬುದು ನಿಮ್ಮ ಆರೋಪವೋ ಅದನ್ನೂ ಬರೆಯುತ್ತೀರೋ, ದಯವಿಟ್ಟು ನನಗೆ ತಿಳಿಸಿ. ಖಾಲಿ ನಮೂನೆಯೊಂದನ್ನು ಅಂಚೆಯಲ್ಲಿ ಕಳುಹಿಸಿದರೆ ಇನ್ನೂ ಒಳ್ಳೆಯದು. ವಾಕ್ಯರಚನೆ ತಪ್ಪಿದ್ದರೆ ತಿದ್ದಿ ಕಳುಹಿಸುತ್ತೇನೆ.